ಐವತ್ತು ದಾಟಿದ ಕಾರಿಗೆ ಬಾಲ ಕಟ್ಟಿದರೆ

ನಮ್ಮಲ್ಲಿ ಹಳೆಯದಕ್ಕೆ ಗೌರವ ಜಾಸ್ತಿ. ಷರತ್ತು ಒಂದೇ, ಅದು ಕೆಲಸ ಮಾಡಬಾರದು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ‘ವಿಂಟೇಜ್’ ಅನ್ನಿಸಿಕೊಳ್ಳುವ ಹಳೇ ವಾಹನಗಳಿಗೆ ಇದನ್ನು ನಿಯಮವನ್ನಾಗಿಯೇ ಮಾಡಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು. ಚಾಸಿ (ಅಡಿಯ ಚೌಕಟ್ಟು), ಬಾಡಿ, ಎಂಜಿನ್ ಹುಟ್ಟಿದಾಗ ಇದ್ದ ಹಾಗೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ ಕಟ್ಟಿದರೆ ನಂಬರ್ ಪ್ಲೇಟಿನಲ್ಲಿ ‘ವಿಎ’ ಅನ್ನೋ ಅಕ್ಷರ ಸಿಗುತ್ತದೆ. ಆಮೇಲೆ ಕಾರು ರಸ್ತೆಗಿಳಿಯಬಹುದು: ಪ್ರದರ್ಶನಕ್ಕೆ, ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲಿಕ್ಕೆ. ಸಂತೆಗೆ ಹೋಗುವಂತಿಲ್ಲ. ಆದರೆ ಬಂಕಿಗೆ ಹೋಗಿಬಂದದ್ದಕ್ಕೆ ಪೆಟ್ರೋಲ್ ಖರ್ಚಾಯಿತಲ್ಲ, ಅದನ್ನು ತುಂಬಿಸಲು ಮತ್ತೆ ಬಂಕಿಗೆ ಹೋಗಬಹುದು!

ಈಗ ಒಬ್ಬ ಯಜಮಾನರಿದ್ದಾರೆ ಅಂದುಕೊಳ್ಳಿ. ಅವರದು 1963ರ ಮಾರಿಸ್ ಮೈನರ್ ಕಾರು. ರ‍್ಯಾಲಿಗೆ ಹೊರಟರೆ ಡಿಕ್ಕಿ ತುಂಬ ಸ್ಪ್ಯಾನರು, ನೀರಿನ ಕ್ಯಾನು. ಬುತ್ತಿಗೆ ಜಾಗವಿಲ್ಲ. ಕಾರಿಗೆ ಒಪ್ಪುವಂಥ ಹಳೇ ಕಾಲದ ಮಾದರಿಯ ಪುಟ್ಟ ಟ್ರೇಲರ್ ಕಟ್ಟಿಸೋಣ ಅಂತ ಅವರಿಗೆ ಆಸೆ.

ಸುಲಭದ ಕೆಲಸವೇನಲ್ಲ. ಮೈನರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಎಳೆಯುವ ಕೊಕ್ಕೆ ಕೂರಿಸಬೇಕೆಂದರೆ ಹಿಂದಿನ ತಗಡಿಗೆ ತೂತು ಕೊರೆದು, ಒಳಗಿನಿಂದ ದಪ್ಪ ಪ್ಲೇಟ್ ಕೊಟ್ಟು ಬೋಲ್ಟ್ ಬಿಗಿಯಬೇಕು. ಎಂಜಿನ್ 1098 ಸಿಸಿ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಹಾಗಾಗಿ ಟ್ರೇಲರ್ ಹಗುರವಾಗಿರಬೇಕು, ಭಾರ ಸ್ವಲ್ಪ ಮುಂದಕ್ಕಿರಬೇಕು. ಹಿಂದಕ್ಕೆ ಹೋಯಿತೋ, ಇಳಿಜಾರಿನಲ್ಲಿ ಟ್ರೇಲರೇ ಕಾರನ್ನು ಎಡಕ್ಕೂ ಬಲಕ್ಕೂ ಎಳೆದಾಡುತ್ತದೆ. ವೈರಿಂಗಿನದು ಇನ್ನೊಂದು ಕಥೆ. ಹಳೇ ಮೈನರಿನಲ್ಲಿ ಕಾರಿನ ತಗಡಿಗೆ ಜೋಡಿಸಿರುವುದು (ಅರ್ಥಿಂಗ್) ಬ್ಯಾಟರಿಯ ಪಾಸಿಟಿವ್ ತುದಿ, ಇವತ್ತಿನ ಕಾರಿನ ಹಾಗೆ ನೆಗೆಟಿವ್ ಅಲ್ಲ. ಇವತ್ತಿನ ಎಲ್‌ಇಡಿ ದೀಪವನ್ನು ಹಾಗೇ ಕಟ್ಟಿದರೆ ಉರಿಯುವುದಿಲ್ಲ. ಬಲ್ಬ್ ಜಾಸ್ತಿ ಸೇರಿಸಿದರೆ ಇಂಡಿಕೇಟರ್ ಗಾಬರಿಬಿದ್ದಂತೆ ಮಿಣುಕುತ್ತದೆ. ಇರಲಿ, ಇವೆಲ್ಲ ಗ್ಯಾರೇಜಿನ ಸಮಸ್ಯೆ. ಗ್ಯಾರೇಜಿನ ಸಮಸ್ಯೆಗೆ ಪರಿಹಾರ ಉಂಟು.

ಆರ್‌ಟಿಒ ಕಚೇರಿಯ ಕೌಂಟರಿನ ಸಮಸ್ಯೆಗೆ ಏನು ಮಾಡೋಣ?

“ಕಾರಿಗೆ ಎಷ್ಟು ವರ್ಷ ಆಯ್ತು?”

“ಅರವತ್ತು ದಾಟಿದೆ ಸಾರ್.”

“ಟ್ರೇಲರಿಗೆ?”

“ಮೂರು ವಾರ ಸಾರ್.”

“ನೋಡೋಕೆ ಹಳೇದು ಕಾಣುತ್ತಲ್ರೀ?”

“ಹಾಗೇ ಮಾಡ್ಸಿದ್ದು ಸಾರ್. ಮಡ್‌ಗಾರ್ಡ್ ಮಾತ್ರ ನಿಜವಾಗ್ಲೂ ಹಳೇದು.”

“ಹಂಗಾದ್ರೆ ಮಡ್‌ಗಾರ್ಡ್ ವಿಂಟೇಜು, ಮಿಕ್ಕಿದ್ದು ಮಾಮೂಲಿ. ಎರಡು ಫೈಲ್ ಮಾಡಿ.”

ಸಾಹೇಬರು ತಪ್ಪೇನೂ ಹೇಳಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ಮೋಟಾರು ಮಾತ್ರ ಇಲ್ಲ, ಅಷ್ಟೆ. ಅದಕ್ಕೂ ನೋಂದಣಿ ಬೇಕು. ವಿಂಟೇಜ್ ನಿಯಮವೋ ಎರಡು ಚಕ್ರದವಕ್ಕೆ, ನಾಲ್ಕು ಚಕ್ರದವಕ್ಕೆ. ಟ್ರೇಲರಿಗೆ ಎರಡೇ ಚಕ್ರ. ಅಂದರೆ ಐವತ್ತು ವರ್ಷ ಕಾದರೆ ಅದೂ ವಿಂಟೇಜ್ ದ್ವಿಚಕ್ರ ವಾಹನ ಆದೀತು. ಹೆಲ್ಮೆಟ್ ಯಾರು ಹಾಕಿಕೊಳ್ಳಬೇಕು ಅಂತ ಆಗ ನೋಡಿಕೊಂಡರಾಯಿತು. ಆದರೆ ಬಾಡಿಯಲ್ಲಿ ತೂತು ಕೊರೆದಾಗಿದೆ, ಕಾರು ಇನ್ನೂ ಹುಟ್ಟಿದ ಹಾಗೇ ಇದೆಯಾ? ಯಜಮಾನರು ಕೊಕ್ಕೆ ಬಿಚ್ಚಿಕೊಂಡೇ ಬಂದಿದ್ದರು. ಸಾಹೇಬರು ಬಗ್ಗಿ ನೋಡಿ, “ತೂತು ಬಿಚ್ಚೋಕಾಗಲ್ವಾ?” ಅಂದರು.

ಈಗ ಮಂಡ್ಯದ ಕಡೆ ಬನ್ನಿ, ಕಬ್ಬು ಕಡಿಯುವ ಕಾಲದಲ್ಲಿ, ಕತ್ತಲಾದ ಮೇಲೆ. ಒಂದು ಟ್ರ್ಯಾಕ್ಟರ್, ಅದರ ಹಿಂದೊಂದು ಟ್ರೇಲರ್, ಅದರ ಹಿಂದೆ ಇನ್ನೊಂದು. ಎರಡೂ ಬದಿಗೆ ಮೊಳಗಟ್ಟಲೆ ಚಾಚಿದ ಕಬ್ಬು. ಹಿಂದೆ ಒಂದು ಕೆಂಪು ದೀಪವೂ ಇಲ್ಲ. ತಿರುಗುತ್ತದೆ ಅಂತ ಗೊತ್ತಾಗುವುದು ಡ್ರೈವರ್ ಕೈ ಆಚೆ ಹಾಕಿದರೆ. ನಿಂತಿದೆ ಅಂತ ಗೊತ್ತಾಗುವುದು ಬೈಕಿನವನ ಮುಖಕ್ಕೆ ಕಬ್ಬು ತಾಗಿದಾಗ. ಹಾಡು ಮಾತ್ರ ಅರ್ಧ ಮೈಲಿ ಮೊದಲೇ ಕೇಳಿಸುತ್ತದೆ, ಅದೊಂದು ಪುಣ್ಯ. ಈ ರೈಲನ್ನು ತಡೆದು ‘ಎಲ್ರೀ ನಿಮ್ಮ ಹಿಂದಿನ ದೀಪ’ ಅಂತ ಕೇಳಿದವರನ್ನು ನಾನಂತೂ ನೋಡಿಲ್ಲ.

ಯಜಮಾನರು ಎರಡೂ ಫೈಲ್ ಹಿಡಿದು ಕಚೇರಿಯಿಂದ ಹೊರಗೆ ಬಂದರು. ಗೇಟಿನ ಹತ್ತಿರ ಛತ್ರಿ ನೆಟ್ಟು ಕೂತಿದ್ದ ಏಜೆಂಟ್ ಫೈಲ್ ತಿರುವಿ ಹಾಕಿ, ಫೀಸು ಕೂಡ ಕೇಳದೆ ಉಪಾಯ ಹೇಳಿಕೊಟ್ಟ:

“ಟ್ರೇಲರ್ ಮೇಲೆ ಒಂದು ಹೊರೆ ಕಬ್ಬು ಹೇರ್ಕೊಂಡು ಹೋಗಿ ಸಾರ್. ಯಾರೂ ಕೈ ಅಡ್ಡ ಹಾಕಲ್ಲ.”