ಹಳೆಯವರಿಗೆ ಹೇಳಿ ಬಂದೆಯಾ?

ಕಳೆದ ತಿಂಗಳು ಮನೆಯ ಕರೆಂಟು, ಗ್ಯಾಸು ಎರಡನ್ನೂ ಬೇರೆ ಕಂಪನಿಗೆ ಬದಲಾಯಿಸಿದೆ. ಭಾನುವಾರ ಹಾಸನಕ್ಕೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿದೆ. ವರ್ಷಕ್ಕೆ ಸುಮಾರು 190 ಪೌಂಡ್ ಉಳಿಯುತ್ತೆ ಅಂದೆ. ಅಮ್ಮ ದುಡ್ಡಿನ ಮಾತೇ ಎತ್ತಲಿಲ್ಲ. "ಹಳೆಯವರಿಗೆ ಒಂದು ಮಾತು ಹೇಳಿ ಬಂದೆ ತಾನೇ?" ಅಂದಳು.

ಹೇಳಿರಲಿಲ್ಲ. ಇಂಗ್ಲೆಂಡಿನಲ್ಲಿ ಹೇಳುವ ಅಗತ್ಯವೇ ಇಲ್ಲ. ಹೊಸ ಕಂಪನಿಯೇ ಹಳೆಯ ಕಂಪನಿಗೆ ತಿಳಿಸುತ್ತದೆ. ಆದರೂ ಆ ಮಾತು ಎರಡು ದಿನ ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು. ಯಾಕೆಂದರೆ ಆ ಹಳೆಯವರು ನನ್ನ ಕಷ್ಟದಲ್ಲಿ ಬಂದವರು. 2021ರಲ್ಲಿ ಸಗಟು ಗ್ಯಾಸ್ ಬೆಲೆ ಏರಿ ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಮುಚ್ಚಿಹೋದವು. ಅದರಲ್ಲಿ ನನ್ನದೂ ಒಂದು. ಆಗ ಇಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಜೆಮ್ ನಮ್ಮನ್ನೆಲ್ಲ ಈ ಕಂಪನಿಗೆ ಒಪ್ಪಿಸಿತು. ಕೈಹಿಡಿದವರು ಅಂತ ನಾಲ್ಕು ವರ್ಷ ಅಲ್ಲೇ ಇದ್ದೆ. ಬಿಲ್ ಬಂದ ದಿನವೇ ಕಟ್ಟುತ್ತಿದ್ದೆ.

ಒಂದು ಬೆಳಿಗ್ಗೆ ಕಸದ ಡಬ್ಬಿ ಹೊರಗಿಡುವಾಗ ಪಕ್ಕದ ಮನೆಯ ಹುಡುಗ ತನ್ನ ಬಿಲ್ ಎಷ್ಟು ಬರುತ್ತೆ ಅಂತ ಹೇಳಿದ. ರೆಡಿಂಗ್‌ನ ನಮ್ಮ ಬೀದಿಯ ಮನೆಗಳೆಲ್ಲ ಒಂದೇ ಅಚ್ಚಿನವು, ಗೋಡೆಗೆ ಗೋಡೆ ಅಂಟಿದವು. ಅದೇ ತಂತಿ, ಅದೇ ಗ್ಯಾಸ್ ಪೈಪು. ಕಂಪನಿಯೂ ಅದೇ! ಅವನು ಹೊಸದಾಗಿ ಸೇರಿದವನು, ಒಂದು ವರ್ಷ ಬದಲಾಗದ ಹಾಗೆ ದರ ಗಟ್ಟಿ ಮಾಡಿಕೊಂಡಿದ್ದ. ಒಂದೊಂದು ಯೂನಿಟ್ಟಿಗೂ ನಾನು ಅವನಿಗಿಂತ ಜಾಸ್ತಿ ಕೊಡುತ್ತಿದ್ದೆ, ಏನೂ ಕೇಳದೆ ಸುಮ್ನೆ ಇದ್ದದ್ದಕ್ಕೆ.

ಇದು ನನಗೆ ಇವತ್ತಿಗೂ ಅರಗಿಲ್ಲ. ಅಮ್ಮನಿಗೆ ಹಾಲಿನ ವರ್ತನೆ ಒಬ್ಬರದು, ಹೂವಿನ ವರ್ತನೆ ಇನ್ನೊಬ್ಬರದು. ಹೂವಿನಾಕೆ ನಮ್ಮ ಮನೆಗೆ ಬರಲು ಶುರು ಮಾಡಿದಾಗ ನಾನು ಮೂರನೇ ಕ್ಲಾಸು. ವರಮಹಾಲಕ್ಷ್ಮಿ ಹಬ್ಬಕ್ಕೆ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಮುಟ್ಟುವ ಹಾಗಿಲ್ಲದಿದ್ದರೂ ನಮ್ಮ ಮೊಳದ ಬೆಲೆ ಬದಲಾಗುತ್ತಿರಲಿಲ್ಲ. ಮೊಳ ಹಾಕಿದ ಮೇಲೆ ಇನ್ನಷ್ಟು ಬಿಟ್ಟೇ ಕತ್ತರಿಸುತ್ತಿದ್ದಳು. ನಾವು ಊರಿಗೆ ಹೋಗುವುದಿದ್ದರೆ ಮುಂಚೆಯೇ ಹೇಳುತ್ತಿದ್ದೆವು. ಹಳೇ ಮನೆ ಅಂದರೆ ಒಂದು ಹಿಡಿ ಜಾಸ್ತಿ. ಇಲ್ಲಿ ಹಳೇ ಮನೆ ಅಂದರೆ ನಾಲ್ಕು ಕಾಸು ಜಾಸ್ತಿ. ಕೇಳಿ ದರ ಗಟ್ಟಿ ಮಾಡಿಕೊಂಡವರಿಗೆ ಸಿಗುವ ರಿಯಾಯಿತಿ ಕೂತಲ್ಲೇ ಕೂತವರಿಗೆ ಸಿಗುವುದಿಲ್ಲ, ಅಲ್ವಾ?

ಇದು ಸರ್ಕಾರಕ್ಕೂ ಗೊತ್ತಿದೆ. ಕಂಪನಿ ಬದಲಾಯಿಸದೆ ಉಳಿದವರಿಗಾಗಿಯೇ 2019ರ ಜನವರಿಯಿಂದ ದರಕ್ಕೊಂದು ಮಿತಿ ತಂದರು. ಈಗ ಮೂರು ತಿಂಗಳಿಗೊಮ್ಮೆ ಅದನ್ನು ಹೊಸದಾಗಿ ಲೆಕ್ಕ ಹಾಕುತ್ತಾರೆ. ಆದರೆ ಮಿತಿ ಇರುವುದು ಯೂನಿಟ್ ದರಕ್ಕೆ ಮತ್ತು ದಿನದ ನಿಗದಿ ಶುಲ್ಕಕ್ಕೆ, ಒಟ್ಟು ಬಿಲ್ಲಿಗಲ್ಲ. ಉರಿಸಿದಷ್ಟೂ ಬಿಲ್ ಏರುತ್ತದೆ.

ಎದುರು ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಎಂಬತ್ತು ದಾಟಿದೆ. ಇಂಟರ್ನೆಟ್ ಮುಟ್ಟುವುದಿಲ್ಲ. ಮೂರು ತಿಂಗಳಿಗೊಮ್ಮೆ ಬರುವ ಬಿಲ್ಲಿಗೆ ಚೆಕ್ ಬರೆದು ಕಳಿಸುತ್ತಾರೆ. ಹಾಗೆ ಕಟ್ಟುವವರಿಗೆ ದರವೇ ಜಾಸ್ತಿ, ಬ್ಯಾಂಕಿನಿಂದ ತಾನೇ ಕಡಿತವಾಗುವವರಿಗೆ ಕಡಿಮೆ. ಚಳಿಗಾಲದಲ್ಲಿ ಅವರು ಒಂದೇ ರೂಮಿನ ಹೀಟರ್ ಹಾಕಿಕೊಂಡು ಕೂರುವುದು ಕಿಟಕಿಯಲ್ಲಿ ಕಾಣುತ್ತದೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಬದಲಾಯಿಸಿಕೊಡಲೇ ಅಂತ ಕೇಳಿದೆ. "ನನ್ನ ಗಂಡ ಇದ್ದಾಗಿನಿಂದ ಇವರೇ. ಬಿಟ್ಟುಹೋಗುವುದು ಸರಿ ಅನಿಸುವುದಿಲ್ಲ" ಅಂದರು. ನಮ್ಮಮ್ಮನ ಮಾತೇ! ವರ್ತನೆ ನಮ್ಮೂರಿನವರಿಗಷ್ಟೇ ಗೊತ್ತು ಅಂತ ಇಷ್ಟು ವರ್ಷ ತಿಳಿದಿದ್ದ ನನಗೆ ಏನು ಹೇಳಬೇಕೋ ತೋಚಲಿಲ್ಲ.

ಊರಿನ ಕಥೆಯನ್ನೂ ಪೂರ್ತಿ ಹೇಳಬೇಕು. ಹೂವಿನಾಕೆಯ ಜೊತೆಗಿದ್ದ ವರ್ತನೆ ಕರೆಂಟಿನವರ ಜೊತೆ ಎಂದೂ ಇರಲಿಲ್ಲ. ಒಮ್ಮೆ ಬಿಲ್ ತಪ್ಪಾಗಿ ಬಂದಾಗ ಅಪ್ಪ ಅರ್ಧ ದಿನ ರಜೆ ಹಾಕಿ ಮೂರು ಸಲ ಕರೆಂಟ್ ಆಫೀಸಿಗೆ ಅಲೆದಿದ್ದರು. ಬಿಟ್ಟು ಹೋಗೋಣ ಅಂದರೆ ಹೋಗಲು ಇನ್ನೊಬ್ಬರಿಲ್ಲ. ಬೆಂಗಳೂರಿನವರಿಗೆ ಬೆಸ್ಕಾಂ, ಹುಬ್ಬಳ್ಳಿಯವರಿಗೆ ಹೆಸ್ಕಾಂ, ಮಂಗಳೂರಿನವರಿಗೆ ಮೆಸ್ಕಾಂ. ಮನೆ ಎಲ್ಲಿದೆಯೋ ಅಲ್ಲಿಯವರೇ ಗತಿ. ಮುಂಬೈಯ ಹಲವು ಕಡೆ ಟಾಟಾ, ಅದಾನಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ನಮ್ಮಲ್ಲಿ ಅದೂ ಇಲ್ಲ.

ಇಲ್ಲಿ ಬದಲಾಯಿಸುವುದು ನಿಜಕ್ಕೂ ಸಲೀಸು, ಅದನ್ನು ಒಪ್ಪಲೇಬೇಕು. ವರ್ಷಕ್ಕೆ ಎಷ್ಟು ಯೂನಿಟ್ ಉರಿಸುತ್ತೇವೆ ಅಂತ ಹಳೇ ಬಿಲ್ಲಿನಲ್ಲಿರುತ್ತದೆ. ಅದನ್ನೂ ಪಿನ್‌ಕೋಡನ್ನೂ ಹಾಕಿದರೆ ದರಗಳು ಸಾಲಾಗಿ ಬರುತ್ತವೆ. ಐದು ಕೆಲಸದ ದಿನಗಳಲ್ಲಿ ಕೆಲಸ ಮುಗಿಯಿತು. ಮನಸ್ಸು ಬದಲಾದರೆ ಹಿಂದೆ ಸರಿಯಲು 14 ದಿನ ಇರುತ್ತದೆ. ಮೀಟರ್ ಮುಟ್ಟಲು ಯಾರೂ ಬರಲಿಲ್ಲ. 2021ರಲ್ಲಿ ಕಂಪನಿಯೇ ಮುಳುಗಿದಾಗಲೂ ನಮ್ಮ ಮನೆಯ ಒಲೆ ಒಂದು ನಿಮಿಷ ಆರಲಿಲ್ಲ. ಮುಂಗಡವಾಗಿ ಕಟ್ಟಿದ್ದ ದುಡ್ಡು ಪೂರ್ತಿ ಹೊಸ ಖಾತೆಗೆ ಬಂತು. ಅಪ್ಪ ಇದನ್ನು ನೋಡಿದ್ದರೆ ಖುಷಿಪಡುತ್ತಿದ್ದರು.

ಅಜ್ಜಿ ಕೊನೆಗೆ ಒಪ್ಪಿದರು. ಒಂದು ಶನಿವಾರ ಮಧ್ಯಾಹ್ನ ಚಹಾ ಕುಡಿಯುತ್ತ ಅವರ ಬಿಲ್ಲುಗಳ ಕಟ್ಟು ಬಿಚ್ಚಿದೆವು, ಒಂದು ವರ್ಷಕ್ಕೆ ದರ ಗಟ್ಟಿ ಮಾಡಿದೆವು. ಹಳೆಯ ಕಂಪನಿಗೆ ಒಂದು ಕಾಗದ ಬರೆಯಬೇಕು ಅಂದರು. ಇಷ್ಟು ವರ್ಷದ ಸೇವೆಗೆ ಧನ್ಯವಾದ ಅಂತ ಅವರೇ ಎರಡು ಸಾಲು ಬರೆದರು. ನಾನೂ ಮನೆಗೆ ಬಂದು ನನ್ನ ಹಳೆಯವರಿಗೆ ಎರಡು ಸಾಲು ಬರೆದೆ.

ಗಟ್ಟಿ ಮಾಡಿದ ದರದ ಗಡುವು ಮುಗಿಯಲು 49 ದಿನ ಉಳಿದಾಗಿನಿಂದ, ನಡುವೆ ಬಿಟ್ಟುಹೋಗುವವರಿಗೆ ಹಾಕುವ ಶುಲ್ಕವನ್ನು ಕಂಪನಿ ಕೇಳುವಂತಿಲ್ಲ. ನನ್ನ ಮನೆಯದೂ ಅಜ್ಜಿಯ ಮನೆಯದೂ, ಎರಡೂ ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ.