ಅಪ್ಪನ ಪೆನ್ಷನ್, ನನ್ನ ಕರೆಂಟ್ ಬಿಲ್ಲು

2025ರ ಏಪ್ರಿಲ್ ತಿಂಗಳ ಕರೆಂಟ್ ಬಿಲ್ಲು ಬಂದ ದಿನ ಅಪ್ಪ ಅದನ್ನು ಹಿಡಿದುಕೊಂಡು ಜಗಲಿ ಮೇಲೆ ಕೂತಿದ್ದರು. ಮೂವತ್ತನಾಲ್ಕು ವರ್ಷ ವಿದ್ಯುತ್ ಮಂಡಳಿಯಲ್ಲಿ ಕಂಬ ಹತ್ತಿದವರು, ಬಿಲ್ಲು ಓದುವುದೆಂದರೆ ಬೇರೆಯವರು ಪೇಪರ್ ಓದಿದ ಹಾಗೆ. ಮೇಲಿನಿಂದ ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತಾ ಬಂದವರು ಒಂದು ಕಡೆ ನಿಂತರು.

"ಇದೇನೋ ಇದು, ಪಿ ಅಂಡ್ ಜಿ ಸರ್‌ಚಾರ್ಜು? ನಮ್ ಕಾಲ್ದಲ್ಲಿ ಇರ್ಲಿಲ್ಲವಲ್ಲ."

ಪಿ ಅಂದರೆ ಪೆನ್ಷನ್, ಜಿ ಅಂದರೆ ಗ್ರಾಚ್ಯುಟಿ. ಯೂನಿಟ್‌ಗೆ 36 ಪೈಸೆ. ಬಿಸಿಲಿಗೆ ಮೂರು ಫ್ಯಾನು ಹಗಲೂ ರಾತ್ರಿ ತಿರುಗಿ ನಮ್ಮದು 214 ಯೂನಿಟ್ ಆಗಿತ್ತು. 200 ದಾಟಿದ್ದರಿಂದ ಗೃಹಜ್ಯೋತಿಯ ಉಚಿತ ಕರೆಂಟೂ ಕೈಬಿಟ್ಟಿತ್ತು. ಲೆಕ್ಕ ಹಾಕಿದರೆ ಆ ಒಂದು ಸಾಲಿಗೇ 77 ರೂಪಾಯಿ 4 ಪೈಸೆ.

"ನಿಮ್ಮ ಪೆನ್ಷನ್ನೇ ಕಣಪ್ಪ ಇದು" ಅಂದೆ.

ಅಪ್ಪ ಕನ್ನಡಕದ ಮೇಲಿಂದ ನೋಡಿದರು. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು. ತಮಾಷೆ ಅಲ್ಲ. 2025ರ ಏಪ್ರಿಲ್ 1ರಿಂದ, ಅಂದರೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದ ದಿನದಿಂದಲೇ, ರಾಜ್ಯದಲ್ಲಿ ಕರೆಂಟ್ ಉರಿಸುವ ಪ್ರತಿಯೊಬ್ಬರ ಬಿಲ್ಲಿಗೂ ವಿದ್ಯುತ್ ಕಂಪನಿಗಳ ನಿವೃತ್ತ ನೌಕರರ ಪಿಂಚಣಿಯ ಬಾಬ್ತು ಸೇರಿದೆ. ಆದೇಶದ ಪ್ರಕಾರ 2026-27ರಲ್ಲಿ 35 ಪೈಸೆ, 2027-28ರಲ್ಲಿ 34.

ಇದು ಹೇಗಾಯಿತು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಪಿಂಚಣಿ ಬಗ್ಗೆ ಫೇಸ್‌ಬುಕ್ಕಿನಲ್ಲಿ ನಡೆಯುವ ಜಗಳವೆಲ್ಲ ಈ ಕಥೆಯೊಳಗೇ ಇದೆ ಅಂತ ನನಗನ್ನಿಸುತ್ತದೆ. ಅಪ್ಪ 1973ರಲ್ಲಿ ಗ್ಯಾಂಗ್‌ಮನ್ ಆಗಿ ಸೇರಿದಾಗ ಅದು ಕೆಇಬಿ, ಅಂದರೆ ರಾಜ್ಯದ ವಿದ್ಯುತ್ ಮಂಡಳಿ. ನಿವೃತ್ತಿಯಾದರೆ ಕೊನೆಯ ಮೂಲವೇತನದ ಅರ್ಧ, ಅದರ ಮೇಲೆ ಡಿಎ (ತುಟ್ಟಿಭತ್ಯೆ), ಅಪ್ಪ ಹೋದಮೇಲೆ ಅಮ್ಮನಿಗೆ ಕುಟುಂಬ ಪಿಂಚಣಿ, ಇದು ಮಾತು. ಮಾತು ಕೊಟ್ಟ ದಿನ ಯಾರೂ ಒಂದು ಪೈಸೆ ತೆಗೆದಿಡಲಿಲ್ಲ. ಇಡುವ ಅವಶ್ಯಕತೆಯೇ ಕಾಣಲಿಲ್ಲ. ಕೆಲಸ ಮಾಡುವವರು ಸಾವಿರಾರು, ನಿವೃತ್ತರು ಬೆರಳೆಣಿಕೆ. ಆ ತಿಂಗಳು ಬಂದ ದುಡ್ಡಿನಲ್ಲೇ ಆ ತಿಂಗಳ ಪಿಂಚಣಿ. 1999ರಲ್ಲಿ ಮಂಡಳಿ ಹೋಗಿ ಕೆಪಿಟಿಸಿಎಲ್ ಬಂತು, 2002ರಲ್ಲಿ ಬೆಸ್ಕಾಂ, ಹೆಸ್ಕಾಂ ಅಂತೆಲ್ಲ ಪಾಲಾಯಿತು. ಮನೆ ಪಾಲಾಗುವಾಗ ಗದ್ದೆ ತೋಟ ಹಂಚಿಕೊಳ್ಳುವುದಕ್ಕೆ ಎಲ್ಲರೂ ಮುಂದೆ, ಸಾಲ ಯಾರ ಪಾಲಿಗೆ ಅಂದರೆ ಎಲ್ಲರೂ ಸೂರು ನೋಡುತ್ತಾರಲ್ಲ, ಹಾಗೆ. ಆಗಲೇ ಪಿಂಚಣಿಗೆಂದು ಟ್ರಸ್ಟ್ ಮಾಡಿದರು. ಹಳೇ ಸೇವೆಯ ಹೊರೆಯನ್ನು ಸರ್ಕಾರವೂ ಹೊರುವುದು ಅಂತಾಗಿತ್ತು. ವರ್ಷ ಕಳೆದಂತೆ ಸರ್ಕಾರಕ್ಕೂ ಭಾರವಾಗಿ, ಬಳಕೆದಾರರ ಹತ್ತಿರವೇ ವಸೂಲು ಮಾಡಿ ಅಂದಿತು. ವಿಷಯ ಹೈಕೋರ್ಟಿನ ಮೆಟ್ಟಿಲೂ ಹತ್ತಿ, ಕೊನೆಗೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಆದೇಶವಾಗಿ ನಮ್ಮ ಜಗಲಿಗೆ ಬಂದು ಕೂತಿತು.

ಅಂದರೆ 1973ರಲ್ಲಿ ಕೊಟ್ಟ ಮಾತಿನ ಬಿಲ್ಲು ಬಂದದ್ದು 2025ರಲ್ಲಿ. ಮಾತು ಕೊಟ್ಟವರು ಯಾರೂ ಈಗಿಲ್ಲ.

ಇಷ್ಟು ಹೇಳಿದ ತಕ್ಷಣ ಕಾಮೆಂಟ್‌ನಲ್ಲಿ ಬರುವ ಮಾತು ನನಗೆ ಗೊತ್ತು. "ಅದಕ್ಕೇ ಹೇಳೋದು, ಈ ಪಿಂಚಣಿದಾರರು ಬಿಳಿ ಆನೆಗಳು, ಕಟ್ ಮಾಡಿ." ಸ್ವಲ್ಪ ತಡೀರಿ. ಅಪ್ಪನ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಕಲೆ ಇದೆ. ಮಳೆಗಾಲದ ಒಂದು ರಾತ್ರಿ ಟೀಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ ಆದದ್ದು. ಲೈನ್ ಆಫ್ ಆಗಿದೆ ಅಂತ ಹೇಳಿದ್ದರು, ಆಗಿರಲಿಲ್ಲ. ಅವರ ಜೊತೆ ಸೇರಿದವರಲ್ಲಿ ಇಬ್ಬರು ಕಂಬದ ಮೇಲೆಯೇ ಹೋದರು. ಅವತ್ತಿನ ಸಂಬಳ ಏನು ಮಹಾ ಇರಲಿಲ್ಲ, ಊರಲ್ಲಿ ಕೊಬ್ಬರಿ ವ್ಯಾಪಾರ ಮಾಡುವವರು ಅಪ್ಪನನ್ನು ನೋಡಿ ನಗುತ್ತಿದ್ದರು. ಕಡಿಮೆ ಸಂಬಳ ತಗೊಂಡು ಕೆಲಸ ಮಾಡು, ಮುಪ್ಪಿಗೆ ನಾವಿದ್ದೇವೆ ಅನ್ನುವುದೇ ಒಪ್ಪಂದ. 1982ರಲ್ಲಿ ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ: ಪಿಂಚಣಿ ದೊರೆ ಕೊಡುವ ಇನಾಮಲ್ಲ, ದುಡಿದವನ ಹಕ್ಕು. ಅಪ್ಪನ ಪಿಂಚಣಿಗೆ ಕೈ ಹಾಕುವವರ ಜೊತೆ ನಾನು ಜಗಳಕ್ಕೆ ನಿಲ್ಲುತ್ತೇನೆ.

ಆದರೆ ಹಳೇ ಪಿಂಚಣಿಯನ್ನೇ ಎಲ್ಲರಿಗೂ ವಾಪಸ್ ತನ್ನಿ ಅನ್ನುವವರ ಜೊತೆಯೂ ನಾನು ಕೂರಲಾರೆ.

ನಮ್ಮ ಚಿಕ್ಕಪ್ಪನ ಮಗ 2009ರಲ್ಲಿ ಪ್ರೈಮರಿ ಮೇಷ್ಟ್ರಾದ. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಹಳೇ ಪಿಂಚಣಿ ಇಲ್ಲ, ಎನ್‌ಪಿಎಸ್ ಅನ್ನುವ ಹೊಸ ಪಿಂಚಣಿ ಯೋಜನೆ. ಅವನ ಸಂಬಳದಿಂದ ನೂರಕ್ಕೆ ಹತ್ತು ಹಿಡಿಯುತ್ತಾರೆ, ಸರ್ಕಾರ ಮೊದಲು ಹತ್ತು ಹಾಕುತ್ತಿತ್ತು, ಈಗ ಹದಿನಾಲ್ಕು. ಅರವತ್ತಾದಾಗ ಗಂಟಿನಲ್ಲಿ ಕನಿಷ್ಠ ಶೇ 40ಕ್ಕೆ ಆನ್ಯುಟಿ, ಅಂದರೆ ತಿಂಗಳು ತಿಂಗಳು ದುಡ್ಡು ಕೊಡುವ ಪಾಲಿಸಿ, ಕೊಳ್ಳಬೇಕು, ಮಿಕ್ಕದ್ದು ಕೈಗೆ. "ಅಣ್ಣ, ನನಗೆ ತಿಂಗಳಿಗೆ ಎಷ್ಟು ಬರುತ್ತೆ ಅಂತ ಹೇಳೋ ಒಬ್ಬ ಆಫೀಸರ್ ತೋರ್ಸು" ಅನ್ನುತ್ತಾನೆ. ನ್ಯಾಯವಾದ ಸಂಕಟ. 2022ರ ಡಿಸೆಂಬರಿನಲ್ಲಿ ಹಳೇ ಪಿಂಚಣಿ ಕೇಳಿ ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ಅವನೂ ಕೂತು ಬಂದ. 2024ರ ಜನವರಿಯಲ್ಲಿ, 2006ರ ಏಪ್ರಿಲ್‌ಗೆ ಮೊದಲೇ ನೇಮಕಾತಿಯ ಅಧಿಸೂಚನೆಯಾಗಿ ಆಮೇಲೆ ಕೆಲಸಕ್ಕೆ ಸೇರಿದ ಸುಮಾರು 13,000 ಜನಕ್ಕೆ ಹಳೇ ಪಿಂಚಣಿ ಸಿಕ್ಕಿತು. ಅವನಿಗೆ ಸಿಗಲಿಲ್ಲ.

ಅವನಿಗೆ ನಾನು ಹೇಳುವುದು ಇಷ್ಟೇ. ರಾಜಸ್ಥಾನ 2022ರಲ್ಲಿ ಹಳೇ ಪಿಂಚಣಿಗೆ ವಾಪಸ್ ಹೋದಾಗ ಎಲ್ಲರೂ ಖಜಾನೆ ಬರಿದಾಗುತ್ತೆ ಅಂದರು. ಆದರೆ ಮೊದಲ ವರ್ಷ ನಡೆಯುವುದು ಅದರ ಉಲ್ಟಾ! ಪ್ರತಿ ತಿಂಗಳು ಕಟ್ಟಬೇಕಿದ್ದ ಸರ್ಕಾರದ ಪಾಲು ನಿಂತುಹೋಗುತ್ತದೆ, ದುಡ್ಡು ಉಳಿಯುತ್ತದೆ. 2009ರಲ್ಲಿ ಸೇರಿದ ಮೇಷ್ಟ್ರು ನಿವೃತ್ತಿಯಾಗುವ ಹೊತ್ತಿಗೆ ಘೋಷಣೆ ಮಾಡಿದ ಮುಖ್ಯಮಂತ್ರಿಯ ಮೂರ್ತಿಗೆ ಹಾರ ಬಿದ್ದಿರುತ್ತದೆ. ಅದಕ್ಕೇ ರಾಜಕಾರಣಿಗಳಿಗೆ ಇದು ಅಷ್ಟು ಸಿಹಿ. 1973ರಲ್ಲಿ ಕೆಇಬಿ ಮಾಡಿದ್ದೂ ಇದನ್ನೇ. ಯಾರಾದರೂ ಬಜೆಟ್‌ನಲ್ಲಿ "ಕೊಡ್ತೀವಿ" ಅಂದಾಗ ಕೇಳಬೇಕಾದ ಪ್ರಶ್ನೆ "ಎಷ್ಟು ಕೊಡ್ತೀರಿ" ಅಲ್ಲ, "ಈ ತಿಂಗಳು ಎಷ್ಟು ತೆಗೆದಿಟ್ಟಿರಿ" ಅನ್ನುವುದು. ಕೇಂದ್ರ 2025ರಲ್ಲಿ ತಂದ ಯುಪಿಎಸ್ (ಏಕೀಕೃತ ಪಿಂಚಣಿ) ಯೋಜನೆಯಲ್ಲಿ 25 ವರ್ಷ ದುಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ ಗ್ಯಾರಂಟಿ, ಅದಕ್ಕೆ ಸರ್ಕಾರ ಸಂಬಳದ ಶೇ 18.5 ಎತ್ತಿಡಬೇಕು. ಅದರಲ್ಲಿ ಕೊಸರುಗಳಿವೆ. ಆದರೂ ಎತ್ತಿಡುವ ಮಾತಾದರೂ ಇದೆ.

ಖಜಾನೆ ಲೆಕ್ಕಕ್ಕೆ ಬರೋಣ, ಬೇಗ ಮುಗಿಸುತ್ತೇನೆ. 2024-25ರಲ್ಲಿ ರಾಜ್ಯದ ಬಜೆಟ್ 3.71 ಲಕ್ಷ ಕೋಟಿ. ಸಂಬಳ, ಪಿಂಚಣಿ, ಸಾಲದ ಬಡ್ಡಿ ಮೂರೂ ಸೇರಿದರೆ ಸುಮಾರು ಒಂದೂವರೆ ಲಕ್ಷ ಕೋಟಿ. ಅದರಲ್ಲಿ ಪಿಂಚಣಿಯೊಂದೇ 30 ಸಾವಿರ ಕೋಟಿ ದಾಟಿದೆ. ಗ್ಯಾರಂಟಿಗಳಿಗೆ 52 ಸಾವಿರ ಕೋಟಿ. ಏಳನೇ ವೇತನ ಆಯೋಗ ಜಾರಿಯಾದದ್ದರಿಂದ ವರ್ಷಕ್ಕೆ ಇನ್ನೂ 20 ಸಾವಿರ ಕೋಟಿ ಚಿಲ್ಲರೆ. ಹೀಗಿರುವಾಗ ಎಲ್ಲೋ ಕಡಿತ ಆಗಲೇಬೇಕು. ಆಗುತ್ತಿದೆ ಕೂಡ. ಎಲ್ಲಿ?

ಇಲ್ಲಿ ನನ್ನ ಹೆಂಡತಿ ವಿಷಯ ಬರುತ್ತದೆ. ಅವಳು ಹದಿನಾಲ್ಕು ವರ್ಷದಿಂದ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಹದಿನಾಲ್ಕು ವರ್ಷ ಮನೆಯಲ್ಲಿ ಉಳಿದ ಅತಿಥಿಯನ್ನು ನಮ್ಮ ಕಡೆ ಯಾರೂ ಅತಿಥಿ ಅನ್ನುವುದಿಲ್ಲ. ಪ್ರತಿ ವರ್ಷ ಹೊಸದಾಗಿ ಕೌನ್ಸೆಲಿಂಗ್, ಹೊಸ ಆದೇಶ, ರಜೆಯ ತಿಂಗಳಿಗೆ ದುಡ್ಡಿಲ್ಲ. ಬಿಡುಗಡೆ ತಡವಾದರೆ ಮೂರು ತಿಂಗಳದ್ದು ಒಟ್ಟಿಗೆ. ಪಿಂಚಣಿ ಇಲ್ಲ. 10 ವರ್ಷ ಸೇವೆ ಮಾಡಿ 60 ದಾಟಿದವರಿಗೆ 5 ಲಕ್ಷದ ಇಡುಗಂಟು ಅಂತ ಸರ್ಕಾರ ಹೇಳಿದೆ, ಅದೂ ಹೋರಾಟ ಮಾಡಿದ ಮೇಲೆ. ಅವಳ ಪಕ್ಕದ ಕ್ಲಾಸಿನಲ್ಲಿ ಅದೇ ಸಿಲಬಸ್ ಹೇಳುವ ಖಾಯಂ ಪ್ರಾಧ್ಯಾಪಕರ ಸಂಬಳ ಬರೆದರೆ ಮನೆಯಲ್ಲಿ ಇವತ್ತು ಊಟ ಸಿಗುವುದಿಲ್ಲ.

ರಾಜ್ಯದಲ್ಲಿ ಮಂಜೂರಾದ ಹುದ್ದೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ. ನೋಡಿ, ಇದೇ ಕಡಿತ. ಯಾವ ಮಂತ್ರಿಯೂ ಸದನದಲ್ಲಿ ನಿಂತು ಹೇಳದ, ಯಾವ ಸಂಘವೂ ಬಂದ್ ಕರೆಯದ ಕಡಿತ. ಇರುವವರ ಪಿಂಚಣಿ ಮುಟ್ಟಿದರೆ ಓಟು ಹೋಗುತ್ತದೆ, ಬಾರದೇ ಇದ್ದವರಿಗೆ ಓಟು ಇದ್ದರೂ ಸಂಘ ಇಲ್ಲ. ಹಾಗಾಗಿ ಹುದ್ದೆ ತುಂಬಬೇಡ, ಗುತ್ತಿಗೆಗೆ ತಗೋ, ಅತಿಥಿ ಅಂತ ಕರಿ. ಹಳೇ ಪಿಂಚಣಿ ಬೇಕು ಅಂತ ಕೂತ ನನ್ನ ತಮ್ಮನ ಶಾಲೆಯಲ್ಲೇ ಇಬ್ಬರು ಅತಿಥಿ ಶಿಕ್ಷಕರಿದ್ದಾರೆ. ಅವರ ಹೆಸರಲ್ಲಿ ಒಂದು ದಿನ ಯಾರಾದರೂ ಕೂತಿದ್ದೀರಾ ಅಂತ ಕೇಳಿದೆ. ಫೋನು ಆ ಕಡೆ ಸುಮ್ಮನಾಯಿತು. ನಾನೂ ಒತ್ತಾಯ ಮಾಡಲಿಲ್ಲ, ಅವನು ಒಳ್ಳೆಯವನೇ.

(ಕಡಿತ ಬೇಡದ ಒಂದು ಜಾಗವಿದೆ. 2025ರ ಮಾರ್ಚಿನಲ್ಲಿ ಗದ್ದಲದ ನಡುವೆ ಚರ್ಚೆಯೇ ಇಲ್ಲದೆ ಅಂಗೀಕಾರವಾದ ಮಸೂದೆಯಲ್ಲಿ ಮಾಜಿ ಶಾಸಕರ ಪಿಂಚಣಿ 50 ಸಾವಿರದಿಂದ 75 ಸಾವಿರಕ್ಕೆ ಏರಿತು. ಅದಕ್ಕೆ ಕಂಬ ಹತ್ತಬೇಕಾಗಿಲ್ಲ.)

ನನ್ನ ಕಥೆ ಸಣ್ಣದು. ಖಾಸಗಿ ಕೆಲಸ, ಇಪಿಎಫ್ ಅನ್ನುವ ಭವಿಷ್ಯ ನಿಧಿ. ಅದರ ಪಿಂಚಣಿಗೆ ಸಂಬಳವನ್ನು 15,000ಕ್ಕೆ ಮಿತಿ ಮಾಡಿ, ಸೇವೆಯ ವರ್ಷದಿಂದ ಗುಣಿಸಿ, 70ರಿಂದ ಭಾಗಿಸುತ್ತಾರೆ. ಮೂವತ್ತು ವರ್ಷ ದುಡಿದರೆ, ಬೋನಸ್ ಎರಡು ವರ್ಷ ಸೇರಿಸಿ, ನನಗೆ ಬರುವುದು 6,857 ರೂಪಾಯಿ. ಡಿಎ ಇಲ್ಲ. ಅಂದರೆ ಒಂದೇ ಮೀಟರಿನ ಕೆಳಗೆ ನಾವು ಮೂವರಿದ್ದೇವೆ: ಅಪ್ಪನಿಗೆ ಬೆಲೆ ಏರಿದ ಹಾಗೆ ಏರುವ ಪಿಂಚಣಿ, ನನಗೆ ಏರದೇ ಇರುವ ಏಳು ಸಾವಿರದೊಳಗಿನದು, ಅವಳಿಗೆ ಒಂದು ಇಡುಗಂಟಿನ ಭರವಸೆ. ಮೂವರೂ ಸಂಜೆ ಒಂದೇ ಫ್ಯಾನಿನ ಕೆಳಗೆ ಕೂತು ಕಾಫಿ ಕುಡಿಯುತ್ತೇವೆ. ಅಪ್ಪನ ಪಿಂಚಣಿ ಇರುವುದರಿಂದಲೇ ಹೆಂಡತಿಯ ಸಂಬಳ ತಡವಾದ ತಿಂಗಳು ಮಗಳ ಫೀಸು ಕಟ್ಟಿದ್ದು ಅನ್ನುವುದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟರೆ ತಪ್ಪಾಗುತ್ತದೆ.

ಆ ಬಿಲ್ಲು ಕೊಟ್ಟುಹೋದ ಹುಡುಗನನ್ನು ಅಪ್ಪ ಮುಂದಿನ ತಿಂಗಳು ಗೇಟಿನಲ್ಲೇ ಹಿಡಿದರು. ಕೈಯಲ್ಲಿ ಬಿಲ್ಲಿನ ಮೆಷಿನ್ನು, ಹೆಗಲಿಗೆ ಚೀಲ. ಹೊರಗುತ್ತಿಗೆಯವನು.

"ಎಷ್ಟ್ ವರ್ಷ ಆಯ್ತಪ್ಪ ಈ ಕೆಲಸಕ್ಕೆ?"

"ಒಂಬತ್ತು ಸಾರ್."

"ಪೆನ್ಷನ್ನು?"

ಹುಡುಗ ನಕ್ಕ. ಮೆಷಿನ್ನು ಕಿರ್ ಅಂತ ಚೀಟಿ ಉಗುಳಿತು. ಒಂದೆರಡು ಮಳೆ ಬಿದ್ದು ತಂಪಾಗಿತ್ತು, 131 ಯೂನಿಟ್. ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ. ಅಂದರೆ ಈ ತಿಂಗಳ 36 ಪೈಸೆ ಲೆಕ್ಕದ 47 ರೂಪಾಯಿ 16 ಪೈಸೆ ನಮ್ಮ ಪರವಾಗಿ ಸರ್ಕಾರವೇ ಕಟ್ಟಿದೆ, ತನ್ನ ಕೈಯಲ್ಲಿ ಆಗಲ್ಲ ಅಂತ ನಮ್ಮ ಮೇಲೆ ಹಾಕಿದ್ದ ಅದೇ ದುಡ್ಡನ್ನು. ಅಪ್ಪನಿಗೆ ಬಿಡಿಸಿ ಹೇಳಿದೆ. ಅವರು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಗೇಟಿನಾಚೆ ಗಾಡಿ ಸ್ಟಾರ್ಟ್ ಮಾಡುತ್ತಿದ್ದ ಹುಡುಗನಿಗೆ ಕೂಗಿ ಹೇಳುತ್ತಿದ್ದರು, ಮಳೆ ಬರೋ ಹಾಗಿದೆ, ಕಂಬದ ಹತ್ತಿರ ಗಾಡಿ ನಿಲ್ಲಿಸ್ಬೇಡ ಅಂತ.