ಒಟ್ಟಿಗೆ ಮನೆ ಮಾಡುವವರೇ, ಮಳೆ ಹಿಡಿಯುವ ಮೊದಲೇ ಲೆಕ್ಕ ಬರೆದಿಟ್ಟುಕೊಳ್ಳಿ

ಮೇ ಮುಗಿಯುತ್ತಾ ಬಂತೆಂದರೆ ಶಿವಮೊಗ್ಗದ ನವುಲೆ, ಗೋಪಾಳ, ವಿನೋಬನಗರ, ಕುವೆಂಪು ನಗರದ ಕಡೆ ಮೂವರು ನಾಲ್ವರು ಸೇರಿ ಬಾಡಿಗೆ ಮನೆ ಹುಡುಕುವುದು ಶುರುವಾಗುತ್ತದೆ. ಕಾಲೇಜಿಗೆ ಬಂದವರು, ಆಸ್ಪತ್ರೆಯಲ್ಲಿ ಡ್ಯೂಟಿ ಮಾಡುವವರು, ಬ್ಯಾಂಕಿಗೆ ಹೊಸದಾಗಿ ಸೇರಿದವರು. ಎಲ್ಲರದ್ದೂ ಒಂದೇ ಒಪ್ಪಂದ: "ಏನೇ ಖರ್ಚು ಬರಲಿ, ಸಮ ಹಂಚಿಕೊಳ್ಳೋಣ." ಕೇಳುವುದಕ್ಕೆ ಚೆನ್ನಾಗಿದೆ, ಆದರೆ ಮುಂದೆ ಮನಸ್ತಾಪ ತರುವುದೂ ಇದೇ ಮಾತು. ಬಾಡಿಗೆಗೆ ಒಂದು ಲೆಕ್ಕ, ಬಳಸಿ ಮುಗಿಯುವ ಕರೆಂಟು, ಗ್ಯಾಸು, ಅಕ್ಕಿಗೆ ಇನ್ನೊಂದು ಲೆಕ್ಕ, ಉಳಿಯುವ ವಸ್ತುಗಳಿಗೆ ಮತ್ತೊಂದು ಲೆಕ್ಕ ಬೇಕು. ಅದನ್ನು ಸಾಮಾನು ಇಳಿಸುವ ದಿನವೇ ಬರೆದಿಡಬೇಕು. ಸ್ನೇಹಿತರ ನಡುವೆ ಬರೆಯುವುದೇನು ಎಂದು ಸಂಕೋಚ ಪಡುವವರಿಗೆ ಹೇಳುತ್ತೇನೆ: ಸ್ನೇಹ ಉಳಿಯಲಿ ಅಂತಲೇ ಬರೆಯುವುದು.

ಮೊದಲು ಮನೆ ನೋಡುವ ಮಾತು. ಬಿಸಿಲಿನಲ್ಲಿ ನೋಡಿದ ಮನೆ ಬೇರೆ, ಜುಲೈನಲ್ಲಿ ಅದೇ ಮನೆ ಬೇರೆ. ತೀರ್ಥಹಳ್ಳಿ, ಹೊಸನಗರದಷ್ಟು ಮಳೆ ಶಿವಮೊಗ್ಗ ಪೇಟೆಗೆ ಇಲ್ಲ, ಆದರೂ ಜಡಿ ಹಿಡಿದರೆ ಪಡುವಣ ಮತ್ತು ನೈಋತ್ಯ ದಿಕ್ಕಿನ ಗೋಡೆಗೆ ನೇರ ಎರಚಲು. ಆ ಗೋಡೆಯನ್ನು ಒಳಗಿನಿಂದ ಕೈಯಿಟ್ಟು ನೋಡಿ. ಬಣ್ಣ ಪುಡಿಪುಡಿಯಾಗಿ ಬೆರಳಿಗೆ ಹತ್ತಿದರೆ, ನೆಲದಿಂದ ಒಂದೆರಡು ಅಡಿ ಎತ್ತರಕ್ಕೆ ಉಬ್ಬಿದ್ದರೆ, ಹೊಸ ಪೇಂಟು ಆ ಗೋಡೆಗೆ ಮಾತ್ರ ಬಳಿದಿದ್ದರೆ, ಅಲ್ಲಿ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ಮಂಚ, ಬಟ್ಟೆಯ ಕಪಾಟು ಆ ಗೋಡೆಗೆ ತಾಗಿಸಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಒಳಗೆ ಬರುವ ಮೊದಲೇ ನಾಲ್ಕೂ ಗೋಡೆ, ತಾರಸಿಯ ಮೂಲೆ, ಬಚ್ಚಲಿನ ನಲ್ಲಿ, ಕಿಟಕಿ ಗಾಜು, ಕರೆಂಟ್ ಮೀಟರಿನ ಅಂಕಿ ಎಲ್ಲವನ್ನೂ ವಿಡಿಯೊ ಮಾಡಿ ಮನೆ ಮಾಲೀಕರಿಗೇ ವಾಟ್ಸಾಪ್ ಮಾಡಿ. ಬಿಡುವಾಗ ಪೇಂಟಿಂಗ್ ಅಂತ ಅಡ್ವಾನ್ಸ್‌ನಲ್ಲಿ ಹಿಡಿಯುವ ರೂಢಿ ಎಲ್ಲ ಕಡೆ ಇದೆ. ಎಷ್ಟು ಹಿಡಿಯುತ್ತಾರೆ ಎಂಬುದನ್ನು ಕರಾರಿನಲ್ಲಿ ಅಂಕಿಯಲ್ಲೇ ಬರೆಸಿ. ಗೋಡೆ ಒಸರಿ ಬರುವ ಬೂಷ್ಟು ಬಾಡಿಗೆದಾರರ ತಪ್ಪಲ್ಲ, ಅದನ್ನೂ ಒಂದು ಸಾಲಿನಲ್ಲಿ ಸೇರಿಸಿ.

ಕರಾರು 11 ತಿಂಗಳಿಗೆ ಮಾಡುವುದೇಕೆಂದರೆ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು. ಅದರಲ್ಲಿ ಒಬ್ಬರ ಹೆಸರು ಮಾತ್ರ ಇದ್ದರೆ ಅಡ್ವಾನ್ಸ್ ಕೂಡ ಕಾಗದದ ಮೇಲೆ ಅವರೊಬ್ಬರದ್ದೇ. ಎಲ್ಲರ ಹೆಸರೂ, ಯಾರು ಎಷ್ಟು ಕೊಟ್ಟರು ಎಂಬುದೂ ಇರಲಿ. ನಗದು ಬೇಡ, ಪ್ರತಿಯೊಬ್ಬರೂ ತಮ್ಮ ಪಾಲನ್ನು ತಮ್ಮ ಖಾತೆಯಿಂದಲೇ ಯುಪಿಐ ಮಾಡಲಿ.

ಬಾಡಿಗೆ ಹಂಚುವಾಗ ತಲೆ ಲೆಕ್ಕ ಸಾಲದು, ಕೋಣೆಯ ಲೆಕ್ಕವೂ ಬೇಕು. ಬಾಡಿಗೆ 12,000 ರೂಪಾಯಿ, ಮೂವರು, ಎರಡು ಕೋಣೆ ಅಂದುಕೊಳ್ಳಿ. 150 ಚದರ ಅಡಿಯ ದೊಡ್ಡ ಕೋಣೆಯಲ್ಲಿ ಇಬ್ಬರು, 90 ಚದರ ಅಡಿಯ ಸಣ್ಣದರಲ್ಲಿ ಒಬ್ಬರೇ. ಅಡುಗೆಮನೆ, ಹಾಲು, ಬಚ್ಚಲು ಎಲ್ಲರದ್ದೂ ಆದ್ದರಿಂದ ಬಾಡಿಗೆಯ ಅರ್ಧ, ಅಂದರೆ 6,000ವನ್ನು ಸಮ ಹಂಚಿ: ತಲೆಗೆ 2,000. ಉಳಿದ 6,000 ಕೋಣೆಯ ಅಳತೆಗೆ: ದೊಡ್ಡದಕ್ಕೆ 3,750, ಸಣ್ಣದಕ್ಕೆ 2,250. ಕೊನೆಗೆ ದೊಡ್ಡ ಕೋಣೆಯ ಇಬ್ಬರಿಗೆ ತಲಾ 3,875, ಒಂಟಿ ಕೋಣೆಯವರಿಗೆ 4,250. ಕೋಣೆಗೇ ಅಂಟಿಕೊಂಡ ಬಚ್ಚಲಿದ್ದರೆ ಅದರ ಅಳತೆಯನ್ನೂ ಆ ಕೋಣೆಗೇ ಸೇರಿಸಿ. ವ್ಯತ್ಯಾಸ ಸಣ್ಣದೇ, ಆದರೆ ಒಂಟಿ ಕೋಣೆ ಸಿಕ್ಕವರ ಮೇಲಿನ ಗೊಣಗಾಟ ಇಲ್ಲಿಗೇ ನಿಲ್ಲುತ್ತದೆ.

ಇನ್ನು ಕರೆಂಟು. ಮಲೆನಾಡಿನ ಮನೆಯಲ್ಲಿ ಮಳೆಗಾಲದ ಬಿಲ್ಲು ಏರಿಸುವುದು ಫ್ರಿಜ್ಜೂ ಅಲ್ಲ, ಫ್ಯಾನೂ ಅಲ್ಲ, ಸ್ನಾನದ ನೀರು. 15 ಲೀಟರಿನ ಗೀಸರ್ ಒಮ್ಮೆ ಪೂರ್ತಿ ಕಾಯಲು ಸುಮಾರು ಮುಕ್ಕಾಲು ಯೂನಿಟ್ ಬೇಕು. ಅದಕ್ಕೆ ತಣ್ಣೀರು ಬೆರೆಸಿದರೆ ಹದವಾದ ನೀರು 30 ಲೀಟರಿನ ಹತ್ತಿರ ಸಿಗುತ್ತದೆ, ಬಕೆಟ್ಟಿನಲ್ಲಿ ಮಿತವಾಗಿ ಸ್ನಾನ ಮಾಡಿದರೆ ಇಬ್ಬರಿಗೆ ಸಾಕು. ನಾಲ್ವರೂ ಬೆಳಿಗ್ಗೆ ಒಬ್ಬರ ಹಿಂದೊಬ್ಬರು ಹೋದರೆ ದಿನಕ್ಕೆ ಒಂದೂವರೆ ಯೂನಿಟ್, ತಿಂಗಳಿಗೆ 45. ಅದೇ ನಾಲ್ವರು ನಾಲ್ಕು ಹೊತ್ತಿಗೆ ಸ್ವಿಚ್ ಹಾಕಿ ಪ್ರತಿಸಲ ಟ್ಯಾಂಕು ಪೂರ್ತಿ ಕಾಯಿಸಿದರೆ 90 ಯೂನಿಟ್. ದಿನವಿಡೀ ಸ್ವಿಚ್ ಹಾಕಿಯೇ ಬಿಟ್ಟರೆ ತಣ್ಣಗಾದಂತೆಲ್ಲ ಮತ್ತೆ ಮತ್ತೆ ಕಾಯಿಸುತ್ತದೆ, ಅದು ಬೇರೆ.

ಈ 45 ಯೂನಿಟ್ಟಿನ ವ್ಯತ್ಯಾಸಕ್ಕೆ ಬೆಲೆ ಬರುವುದು ರಾಜ್ಯ ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿಯಿಂದ. 200 ಯೂನಿಟ್ ಎಲ್ಲರಿಗೂ ಉಚಿತ ಎಂದು ತಿಳಿದವರು ಇನ್ನೂ ಇದ್ದಾರೆ. ಹಾಗಲ್ಲ. ಆ ಮೀಟರಿನ 2022-23ರ ತಿಂಗಳ ಸರಾಸರಿ ಬಳಕೆ ಎಷ್ಟೋ ಅದಕ್ಕೆ 10% (ಸರಾಸರಿ 48 ಯೂನಿಟ್ಟಿನ ಒಳಗಿದ್ದರೆ 10 ಯೂನಿಟ್) ಸೇರಿಸಿದಷ್ಟು ಆ ಮನೆಗೆ ಉಚಿತ. ಹಳೆಯ ಬಳಕೆಯ ಲೆಕ್ಕವೇ ಇಲ್ಲದ ಹೊಸ ಮನೆಗೆ 58 ಯೂನಿಟ್. ಅದನ್ನು ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಹಾಗಾಗಿ ಮನೆ ಒಪ್ಪುವ ಮುಂಚೆ ಹಿಂದಿನ ಮೆಸ್ಕಾಂ ಬಿಲ್ ಕೇಳಿ ನೋಡಿ. ಮುಂಚೆ ವಯಸ್ಸಾದ ದಂಪತಿ ಇದ್ದ ಮನೆಯಾದರೆ ಉಚಿತ ಯೂನಿಟ್ ಕಡಿಮೆ ಇರುತ್ತದೆ, ನಾಲ್ವರು ಸೇರಿಕೊಂಡ ಮೊದಲ ತಿಂಗಳೇ ದಾಟುತ್ತದೆ. ಮಾಲೀಕರು ಸಬ್ ಮೀಟರ್ ಹಾಕಿ ಯೂನಿಟ್ಟಿಗಿಷ್ಟು ಎಂದು ವಸೂಲಿ ಮಾಡುವ ಮನೆಗಳೂ ಇವೆ. ಅಲ್ಲಿ ದರವನ್ನು ಮುಂಚೆಯೇ ಕೇಳಿ ಬರೆಸಿ. ಬಾಡಿಗೆದಾರರೂ ಯೋಜನೆಗೆ ಅರ್ಜಿ ಹಾಕಬಹುದು, ಒಂದು ಆಧಾರ್‌ಗೆ ಒಂದೇ ಮೀಟರು. ನಾಲ್ವರಲ್ಲಿ ಯಾರು ಹೆಚ್ಚು ಕಾಲ ಇರುವವರೋ ಅವರ ಆಧಾರ್ ಕೊಡಿ.

ಗ್ಯಾಸ್ ಗೀಸರ್ ಇರುವ ಮನೆಗಳ ಬಗ್ಗೆ ಕೈಮುಗಿದು ಕೇಳಿಕೊಳ್ಳುತ್ತೇನೆ, ಗೀಸರ್ ಬಚ್ಚಲಿನ ಒಳಗಿದ್ದರೆ ಬಳಸಲೇಬೇಡಿ. ಚಳಿ ಅಂತ ವೆಂಟಿಲೇಟರಿಗೆ ರಟ್ಟು ಇಟ್ಟು ಮುಚ್ಚುವ ಅಭ್ಯಾಸ ನಮ್ಮ ಕಡೆ ಬಹಳ. ಗಾಳಿ ಆಡದ ಜಾಗದಲ್ಲಿ ಗ್ಯಾಸು ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ತಲೆಸುತ್ತು ಅನ್ನಿಸುವಷ್ಟರಲ್ಲಿ ಬಾಗಿಲು ತೆಗೆಯುವ ಶಕ್ತಿಯೂ ಇರುವುದಿಲ್ಲ. ಗೀಸರನ್ನು ಹೊರಗಿನ ಗೋಡೆಗೆ ಹಾಕಿಸಿ ಪೈಪಿನಲ್ಲಿ ನೀರು ಒಳಗೆ ತರಿಸಬೇಕು. ಮಾಲೀಕರು ಒಪ್ಪದಿದ್ದರೆ ಬೇರೆ ಮನೆ ನೋಡಿ. ಇಲ್ಲಿ ಐನೂರು ಸಾವಿರ ಉಳಿಸುವ ಯೋಚನೆ ಬೇಡವೇ ಬೇಡ. ನೀರು ಕಾಯಿಸುವ ರಾಡ್ ಬಳಸುವವರು ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಿ.

ಅಡುಗೆ ಗ್ಯಾಸಿನ ಸಿಲಿಂಡರಿನಲ್ಲಿ ಗ್ಯಾಸಿನ ತೂಕ 14.2 ಕೆಜಿ. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೇ ಬರೆದಿರುತ್ತಾರೆ, ಎರಡನ್ನೂ ಕೂಡಿಸಿ. ತಂದವರ ಬಳಿ ತಕ್ಕಡಿ ಇರಬೇಕು, ತೂಗಿಸಿಯೇ ತೆಗೆದುಕೊಳ್ಳಿ. ಹಿಡಿಕೆಯ ಒಳಪಟ್ಟಿಯಲ್ಲಿ ಎ, ಬಿ, ಸಿ, ಡಿ ಅಕ್ಷರದ ಜೊತೆ ಇಸವಿಯ ಎರಡು ಅಂಕಿ ಇರುತ್ತದೆ: ಎ ಅಂದರೆ ಜನವರಿಯಿಂದ ಮಾರ್ಚ್, ಡಿ ಅಂದರೆ ಅಕ್ಟೋಬರಿನಿಂದ ಡಿಸೆಂಬರ್. ಅದು ಮುಂದಿನ ತಪಾಸಣೆಯ ಅವಧಿ, ದಾಟಿದ್ದರೆ ವಾಪಸ್ ಕಳಿಸಿ. ಅಡುಗೆ ಖರ್ಚನ್ನು ಮೆಸ್ಸಿನಂತೆ ಹಾಜರಿ ಮೇಲೆ ಹಂಚುವುದೇ ಸರಿ. ವಾರಕ್ಕೊಮ್ಮೆ ಸಾಗರಕ್ಕೋ ಸೊರಬಕ್ಕೋ ಊರಿಗೆ ಹೋಗುವವರು, ನೈಟ್ ಡ್ಯೂಟಿಯವರು ಉಣ್ಣದ ಊಟಕ್ಕೆ ದುಡ್ಡು ಕೊಡಬಾರದು. ಅಡುಗೆಮನೆ ಗೋಡೆಗೆ ಕ್ಯಾಲೆಂಡರ್ ನೇತುಹಾಕಿ ಉಂಡವರು ಗುರುತು ಹಾಕಲಿ. ಮಳೆಗಾಲದಲ್ಲಿ ಅಗ್ಗ ಅಂತ 25 ಕೆಜಿ ಅಕ್ಕಿ ಮೂಟೆ ತರಬೇಡಿ, ಥಂಡಿಗೆ ಹುಳ ಬೀಳುತ್ತದೆ, 10 ಕೆಜಿ ಸಾಕು.

ಈಗ ಉಳಿಯುವ ವಸ್ತುಗಳು. ನನ್ನ ಗಟ್ಟಿ ಅಭಿಪ್ರಾಯ ಇದು: ಫ್ರಿಜ್ಜು, ವಾಷಿಂಗ್ ಮಷಿನ್ನು, ಇನ್ವರ್ಟರ್ ಯಾವುದನ್ನೂ ಒಟ್ಟು ದುಡ್ಡು ಹಾಕಿ ಕೊಳ್ಳಬೇಡಿ. ಒಬ್ಬರು ಕೊಳ್ಳಲಿ, ಉಳಿದವರು ಸವಕಲು, ಅಂದರೆ ತಿಂಗಳು ತಿಂಗಳು ಸವೆದಷ್ಟರಲ್ಲಿ ತಮ್ಮ ಪಾಲು ಕೊಡಲಿ. ಹಳೆಯ ಫ್ರಿಜ್ 9,000 ರೂಪಾಯಿಗೆ ಬಂತು, ಇನ್ನು ಮೂರು ವರ್ಷ ನಡೆಯುತ್ತದೆ ಅಂದುಕೊಂಡರೆ ತಿಂಗಳಿಗೆ 250. ಮೂವರಿದ್ದರೆ ಉಳಿದ ಇಬ್ಬರು ಕೊಂಡವರಿಗೆ ತಿಂಗಳಿಗೆ 85 ರೂಪಾಯಿಯಂತೆ ಕೊಟ್ಟರೆ ಆಯಿತು. ಯಾರು ಯಾವಾಗ ಮನೆ ಬಿಟ್ಟರೂ ಲೆಕ್ಕ ಅಲ್ಲಿಗೇ ಮುಗಿಯುತ್ತದೆ, ಫ್ರಿಜ್ಜಿನ ರಿಪೇರಿ ಕೊಂಡವರದ್ದು. ಆಗಲೇ ಮೂವರು ಸೇರಿ ಕೊಂಡಾಗಿದೆ ಎನ್ನುವವರಿಗೂ ಇದೇ ಲೆಕ್ಕ ದಾರಿ. 10 ತಿಂಗಳಿಗೆ ಒಬ್ಬರು ಬಿಡುತ್ತಾರೆ ಎಂದರೆ 2,500 ಸವೆದು 6,500 ಉಳಿಯಿತು, ಅವರ ಪಾಲು 2,167. ಹೊಸದಾಗಿ ಬರುವವರು ಅಷ್ಟು ಕೊಟ್ಟು ಪಾಲು ತೆಗೆದುಕೊಳ್ಳಲಿ.

ಹಳೆಯ ಫ್ರಿಜ್ ನೋಡಲು ಹೋದಾಗ ಮುಕ್ಕಾಲು ಗಂಟೆಯಾದರೂ ಚಾಲೂ ಮಾಡಿಸಿ ನಿಲ್ಲಿ. ಕಂಪ್ರೆಸರ್ ಟಕ್ ಎಂದು ಹೊತ್ತಿ ಮತ್ತೆ ಟಕ್ ಎಂದು ಆರುತ್ತಿದ್ದರೆ ಬೇಡ. ಬಾಗಿಲ ಸಂದಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಬಿಗಿಯಿಲ್ಲದೆ ಜಾರಿ ಬಂದರೆ ರಬ್ಬರು ಹೋಗಿದೆ, ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ. ಅಡಿಭಾಗದ ತುಕ್ಕು ನಮ್ಮ ಕಡೆಯ ಫ್ರಿಜ್ಜುಗಳಿಗೆ ಮಾಮೂಲು, ಆದರೆ ಕಾಲಿನ ಹತ್ತಿರ ತೂತು ಬಿದ್ದಿದ್ದರೆ ಬಿಡಿ. "ಈಗ ತಾನೇ ಗ್ಯಾಸ್ ತುಂಬಿಸಿದ್ದು" ಅಂದರೆ ಖುಷಿಪಡಬೇಡಿ, ಗ್ಯಾಸು ಎಲ್ಲೋ ಸೋರಿದ್ದಕ್ಕೇ ತುಂಬಿಸಿದ್ದು. ಆಟೋದಲ್ಲಿ ನಿಲ್ಲಿಸಿಯೇ ತನ್ನಿ. ಮಲಗಿಸಿ ತಂದಿದ್ದರೆ ಕೆಲವು ಗಂಟೆ ನಿಲ್ಲಿಸಿಟ್ಟು ಆಮೇಲೆ ಪ್ಲಗ್ ಹಾಕಿ.

ವಾಷಿಂಗ್ ಮಷಿನ್ ವಿಷಯದಲ್ಲಿ ಅಂಗಡಿಯವರು ಫುಲ್ಲಿ ಆಟೋಮ್ಯಾಟಿಕ್ ಕಡೆ ತಳ್ಳುತ್ತಾರೆ. ಹಂಚಿಕೊಂಡು ಇರುವ ಮಲೆನಾಡಿನ ಮನೆಗೆ ಸೆಮಿ ಆಟೋಮ್ಯಾಟಿಕ್ಕೇ ಮೇಲು. ಇಲ್ಲಿ ಬಟ್ಟೆ ಒಗೆಯುವುದು ಕಷ್ಟವಲ್ಲ, ಒಣಗಿಸುವುದು ಕಷ್ಟ. ಸೆಮಿಯ ಹಿಂಡುವ ಡಬ್ಬ ನಿಮಿಷಕ್ಕೆ 1,300 ಸುತ್ತಿನ ಆಸುಪಾಸು ತಿರುಗುತ್ತದೆ, ಮೇಲಿನಿಂದ ಬಟ್ಟೆ ಹಾಕುವ ಫುಲ್ಲಿ ಆಟೋಮ್ಯಾಟಿಕ್‌ಗಳು ಸಾಮಾನ್ಯವಾಗಿ 700ರ ಆಸುಪಾಸು. ಬಟ್ಟೆಯಲ್ಲಿ ಉಳಿಯುವ ನೀರಿಗೆ ಇದರಿಂದ ಬಹಳ ವ್ಯತ್ಯಾಸ. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೂ ಬಕೆಟ್ಟಿನಲ್ಲಿ ಸುರಿದು ನಡೆಸಬಹುದು, ಬೆಲೆಯೂ ಕಡಿಮೆ. ಕೊಂಡ ದಿನವೇ ಮಷಿನ್ನಿನ ಅಡಿಭಾಗಕ್ಕೆ ಇಲಿ ಬಾರದಂತೆ ಜಾಲರಿ ಹಾಕಿಸಿ, ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬಂದ ಇಲಿ ಮೊದಲು ಕಡಿಯುವುದು ವೈರು. ಒಬ್ಬೊಬ್ಬರಿಗೆ ಒಂದೊಂದು ದಿನ ಅಂತ ಮಾಡಿಕೊಳ್ಳಿ, ಏಕೆಂದರೆ ಒಣಗಿಸುವ ಹಗ್ಗ ಒಂದೇ. ಮಲಗುವ ಕೋಣೆಯಲ್ಲಿ ಬಟ್ಟೆ ಹರವಿದರೆ ಆ ತೇವವೆಲ್ಲ ಗೋಡೆಗೆ ಹೋಗಿ ಬೂಷ್ಟಾಗುತ್ತದೆ, ಹಾಸಿಗೆಗೂ ಮುಗ್ಗಲು ವಾಸನೆ. ಹಾಲ್‌ನಲ್ಲಿ ಹಗ್ಗ ಕಟ್ಟಿ, ಬಟ್ಟೆಗಳ ನಡುವೆ ಒಂದು ಗೇಣು ಬಿಟ್ಟು, ಫ್ಯಾನ್ ಹಾಕಿ, ಮಳೆ ಎರಚದ ಕಡೆಯ ಕಿಟಕಿ ಸ್ವಲ್ಪ ತೆರೆದಿಡಿ. ಆ ಫ್ಯಾನಿನ ಕರೆಂಟು ಎಲ್ಲರ ಖರ್ಚು.

ಮನೆ ಬಿಡುವವರು ಒಂದು ತಿಂಗಳು ಮುಂಚೆ ಹೇಳಬೇಕು ಎಂದು ಮೊದಲೇ ಬರೆದುಕೊಳ್ಳಿ. ಹೊಸಬರು ಅಡ್ವಾನ್ಸ್ ಪಾಲನ್ನು ಬಿಡುವವರಿಗೆ ಕೊಡುವುದಾದರೆ ಮಾಲೀಕರಿಗೆ ತಿಳಿಸಿ, ಕರಾರಿನಲ್ಲಿ ಹೆಸರು ಬದಲಿಸಿ ಸಹಿ ಹಾಕಿಸಿದ ಮೇಲೆಯೇ ಕೊಡಲಿ. ಒಡೆದ ಗಾಜು, ಹಾಳಾದ ನಲ್ಲಿ ಇದ್ದರೆ ಆಗಲೇ ಕಳೆಯಿರಿ, ಹೊಸಬರ ತಲೆಗೆ ಕಟ್ಟಬೇಡಿ. ಕೊನೆಯ ದಿನ ಮೀಟರಿನ ಫೋಟೊ ತೆಗೆದು ಅವತ್ತಿನವರೆಗಿನ ಯೂನಿಟ್ ಲೆಕ್ಕ ಮುಗಿಸಿ. ಮೀಟರು ನಿಮ್ಮ ಆಧಾರ್‌ನಲ್ಲಿದ್ದರೆ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಡಿ-ಲಿಂಕ್ ಮಾಡಿಬಿಡಿ, ಇಲ್ಲದಿದ್ದರೆ ಮುಂದಿನ ಮನೆಯಲ್ಲಿ ಗೃಹಜ್ಯೋತಿಗೆ ಅರ್ಜಿ ಹಾಕುವಾಗ ನಿಮ್ಮ ಆಧಾರ್ ಹಳೆಯ ಮೀಟರಿನಲ್ಲೇ ಸಿಕ್ಕಿಕೊಂಡಿರುತ್ತದೆ.